ಹಿರಿಯನಿಗೆ ಬ್ಯಾಬಿಲೋನ್, ಕಿರಿಯನಿಗೆ ಅಸ್ಸೀರಿಯಾ

ಕ್ರಿ.ಪೂ. 681. ಈಗಿನ ಉತ್ತರ ಇರಾಕಿನಲ್ಲಿದ್ದ ಅಸ್ಸೀರಿಯಾದ ದೊರೆ ಸನ್ಹೇರೀಬನನ್ನು ಕೊಲ್ಲುವ ಸಂಚು ನಡೆದಿದೆ ಎಂಬ ಸುಳಿವು ಒಬ್ಬ ಮನುಷ್ಯನಿಗೆ ಸಿಕ್ಕಿತು. ದೊರೆಯನ್ನೇ ಕಂಡು ಹೇಳಬೇಕು ಎಂದು ಅವನು ಅಹವಾಲು ಸಲ್ಲಿಸಿದ. ಇಬ್ಬರು ಅಧಿಕಾರಿಗಳು ಬಂದು ಅವನ ಮೇಲುಹೊದಿಕೆಯಿಂದಲೇ ಅವನ ಮುಖ ಮುಚ್ಚಿ, ಕೈಹಿಡಿದು ಕರೆದೊಯ್ದು ಒಂದು ಕಡೆ ನಿಲ್ಲಿಸಿದರು. 'ಏನು ನಿನ್ನ ಅಹವಾಲು?' ಎಂದರು. ಎದುರಿಗೆ ದೊರೆ ಕೂತಿದ್ದಾನೆ ಎಂದೇ ನಂಬಿದ ಅವನು, 'ನಿನ್ನ ಮಗ ಅರ್ದ-ಮುಲಿಸ್ಸು ನಿನ್ನನ್ನು ಕೊಲ್ಲುತ್ತಾನೆ' ಎಂದುಬಿಟ್ಟ. ಮುಖದ ಬಟ್ಟೆ ತೆಗೆದರು. ಎದುರಿಗೆ ಕೂತಿದ್ದವನು ಅರ್ದ-ಮುಲಿಸ್ಸು.

ಅವನ ಜೀವ ಅಲ್ಲಿಗೆ ಮುಗಿಯಿತು. ಸನ್ಹೇರೀಬನ ಜೀವವೂ ಬಹಳ ಕಾಲ ಉಳಿಯಲಿಲ್ಲ. ಈ ಪ್ರಸಂಗವಿರುವ ಜೇಡಿಮಣ್ಣಿನ ಹಲಗೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬಹಳ ಕಾಲದಿಂದ ಇತ್ತು. ಆದರೆ ಅದನ್ನು ಸರಿಯಾಗಿ ಓದಿ, ಕೊಂದ ಮಗ ಯಾರೆಂದು ಖಚಿತಪಡಿಸಿದವರು ಫಿನ್ಲೆಂಡಿನ ವಿದ್ವಾಂಸ ಸಿಮೊ ಪಾರ್ಪೊಲ, 1980ರಲ್ಲಿ. ಕನ್ನಡ ಬೈಬಲನ್ನು ಓದಿಕೊಂಡವರಿಗೆ ಕೊಲೆಯ ಸುದ್ದಿ ಹೊಸದಲ್ಲ. ಅರಸುಗಳ ಎರಡನೆಯ ಪುಸ್ತಕದಲ್ಲಿ ಸನ್ಹೇರೀಬ ತನ್ನ ದೇವರ ಗುಡಿಯಲ್ಲಿ ಆರಾಧನೆ ಮಾಡುತ್ತಿದ್ದಾಗ ಅವನ ಮಕ್ಕಳೇ ಕತ್ತಿಯಿಂದ ಕೊಂದು ಅರರಾಟ್ ದೇಶಕ್ಕೆ ಓಡಿಹೋದರು ಎಂದಿದೆ. ಅಲ್ಲಿ ಬರುವ ಅದ್ರಮ್ಮೆಲೆಕನೇ ಈ ಅರ್ದ-ಮುಲಿಸ್ಸು. ಅದೇ ವಾಕ್ಯದ ಕೊನೆಗೆ, ಅವನಾದ ಮೇಲೆ ಎಸರ್ಹದ್ದೋನನೆಂಬ ಮಗ ಅರಸನಾದ ಎಂದು ಹೇಳಿ ಬೈಬಲು ಮುಂದಕ್ಕೆ ಹೋಗಿಬಿಡುತ್ತದೆ. ನನಗೆ ಬಿಡಲಾಗದೇ ಇರುವುದು ಈ ಎಸರ್ಹದ್ದೋನ ಮತ್ತು ಅವನ ಮಕ್ಕಳು.

ಸನ್ಹೇರೀಬನಿಗೆ ಹಲವು ಗಂಡುಮಕ್ಕಳು. ಹಿರಿಯ ಅಶ್ಶೂರ್-ನಾದಿನ್-ಶುಮಿಯನ್ನು ಅವನು ಕ್ರಿ.ಪೂ. 700ರಲ್ಲಿ ದಕ್ಷಿಣದ ಬ್ಯಾಬಿಲೋನಿನ ದೊರೆಯನ್ನಾಗಿ ಕೂರಿಸಿದ. ಆರು ವರ್ಷಗಳ ನಂತರ ಬ್ಯಾಬಿಲೋನಿನವರು ಅವನನ್ನು ಹಿಡಿದು ಈಗಿನ ಇರಾನಿನ ಕಡೆಯ ಎಲಾಮ್ ದೇಶದವರ ಕೈಗೆ ಕೊಟ್ಟರು. ಅವನು ಮರಳಿ ಬರಲಿಲ್ಲ. ಮಗನನ್ನು ಕಳೆದುಕೊಂಡ ಅಪ್ಪನ ಸಿಟ್ಟು ಐದು ವರ್ಷ ಬೆಂದು, ಕ್ರಿ.ಪೂ. 689ರಲ್ಲಿ ಬ್ಯಾಬಿಲೋನನ್ನೇ ಆಹುತಿ ತೆಗೆದುಕೊಂಡಿತು. ಗುಡಿ, ಗೋಡೆ, ಮನೆ ಎಲ್ಲ ಕೆಡವಿ, ಕಾಲುವೆ ತೋಡಿ ಊರ ಮೇಲೆ ನೀರು ಹರಿಸಿದೆ ಎಂದು ಅವನೇ ಬರೆಸಿಕೊಂಡಿದ್ದಾನೆ. ಆ ಹೊತ್ತಿಗೆ ಯುವರಾಜನಾಗಿದ್ದವನು ಅರ್ದ-ಮುಲಿಸ್ಸು. ಕೆಲವು ವರ್ಷ ಆ ಪಟ್ಟದಲ್ಲಿದ್ದ. ಆಮೇಲೆ ಸನ್ಹೇರೀಬ ಅವನನ್ನು ಇಳಿಸಿ, ಕಿರಿಯವನಾದ ಎಸರ್ಹದ್ದೋನನನ್ನು ಉತ್ತರಾಧಿಕಾರಿ ಎಂದು ಘೋಷಿಸಿ, ಉಳಿದ ಮಕ್ಕಳಿಂದಲೂ ರಾಜ್ಯದ ಜನರಿಂದಲೂ ಪ್ರಮಾಣ ಮಾಡಿಸಿದ.

ಎಸರ್ಹದ್ದೋನ ಈ ಕತೆಯನ್ನು ತನ್ನ ಶಾಸನದಲ್ಲಿ ತಾನೇ ಹೇಳುತ್ತಾನೆ. ನಾನು ಅಣ್ಣಂದಿರಿಗೆಲ್ಲ ತಮ್ಮ, ಆದರೂ ಅಪ್ಪ ನನ್ನ ತಲೆ ಎತ್ತಿಸಿದ, ಸೂರ್ಯದೇವ ಶಮಶನನ್ನೂ ಮಳೆಯ ದೇವರು ಅದದನನ್ನೂ ಕೇಳಿದ, 'ನಿನ್ನ ಜಾಗಕ್ಕೆ ಇವನೇ' ಎಂದು ಅವರು ಉತ್ತರ ಕೊಟ್ಟರು ಎನ್ನುತ್ತಾನೆ. ಅಣ್ಣಂದಿರು ಚಾಡಿ ಹೇಳಿದರು, ಅಪ್ಪನ ಮನಸ್ಸು ಕೆಡಿಸಿದರು. ಜೀವ ಉಳಿಸಿಕೊಳ್ಳಲು ಅವನು ಪಡುವಣದ ಕಡೆ ಹೋಗಿ ಅಡಗಬೇಕಾಯಿತು. ಅಪ್ಪ ಸತ್ತ ಮೇಲೆ ಅಣ್ಣಂದಿರು ಸಿಂಹಾಸನಕ್ಕಾಗಿ ಆಡಿನ ಮರಿಗಳ ಹಾಗೆ ತಲೆ ತಲೆ ಗುದ್ದಿಕೊಂಡರು ಎಂದು ಶಾಸನ ಹೇಳುತ್ತದೆ. ಅವನು ಒಂದು ದಿನವೂ ಕಾಯಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ, ಹಿಮ ಬೀಳುವ ಶಬಾಟು ಮಾಸದ ಚಳಿಗೂ ಹೆದರಲಿಲ್ಲ. ಹನಿಗಲ್ಬಟ್ ಸೀಮೆಯಲ್ಲಿ ದಾರಿಗೆ ಅಡ್ಡ ನಿಂತ ಸೈನ್ಯ 'ಇವನೇ ನಮ್ಮ ದೊರೆ' ಎಂದು ಅವನ ಪಕ್ಷಕ್ಕೆ ಬಂತು. ಕೊಲೆಯಾದ ಸುಮಾರು ಎರಡು ತಿಂಗಳಲ್ಲಿ ಅವನು ಸಿಂಹಾಸನದ ಮೇಲಿದ್ದ. ಗೆದ್ದವನು ಬರೆಸಿದ ಕತೆ ಇದು, ಅಪ್ಪನ ಕೊಲೆ ಹೇಗಾಯಿತು ಎಂಬುದನ್ನು ಅವನು ಬಿಡಿಸಿ ಹೇಳುವುದೇ ಇಲ್ಲ. ಆದರೂ ಆ ಓಟದ ವರ್ಣನೆಯಲ್ಲಿರುವ ಭಯ ಕಟ್ಟಿದ್ದಲ್ಲ ಎಂದು ನನಗೆ ಅನಿಸುತ್ತದೆ, ಏಕೆಂದರೆ ಆ ಭಯ ಅವನನ್ನು ಸಾಯುವವರೆಗೂ ಬಿಡಲಿಲ್ಲ.

ಅವನ ತಾಯಿ ನಕಿಯಾ. ಜಕೂತು ಎಂಬುದು ಅವಳ ಇನ್ನೊಂದು ಹೆಸರು. ಮಗ ದೊರೆಯಾದ ಮೇಲೆ ಅವಳು ರಾಜಧಾನಿ ನಿನೆವೆಯಲ್ಲಿ ಅವನಿಗಾಗಿ ಒಂದು ಅರಮನೆ ಕಟ್ಟಿಸಿ, ತಾನೇ ಕಟ್ಟಿಸಿದ್ದೆಂದು ಶಾಸನ ಹಾಕಿಸಿದಳು. ಅರಮನೆ ಕಟ್ಟಿಸಿ ಶಾಸನ ಹಾಕಿಸುವುದು ದೊರೆಗಳ ಕೆಲಸವಾಗಿದ್ದ ನಾಡು ಅದು. ಪ್ಯಾರಿಸಿನ ಲೂವ್ರ್‌ನಲ್ಲಿ ಒಂದು ಕಂಚಿನ ಫಲಕವಿದೆ. ಪೂಜೆಗೆ ನಿಂತ ದೊರೆ, ಅವನ ಹಿಂದೆ ನಕಿಯಾ, ಇಬ್ಬರ ಕೈಯೂ ಒಂದೇ ಭಂಗಿಯಲ್ಲಿ ಮುಖದ ಬಳಿಗೆ ಎತ್ತಿವೆ. ಯಾರು ಆಳುತ್ತಿದ್ದರು ಎಂದು ಕೇಳಿದರೆ ಆ ಫಲಕವನ್ನೇ ತೋರಿಸಬೇಕು.

ಎಸರ್ಹದ್ದೋನನ ಕಾಲದ ಪತ್ರಗಳು ನೂರಾರು ಉಳಿದಿವೆ. ಅವುಗಳ ಅನುವಾದ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಶಾಸನಗಳಲ್ಲಿ ಜಗದೊಡೆಯನಾದ ಇವನು ಪತ್ರಗಳಲ್ಲಿ ಜ್ವರ, ವಾಂತಿ, ಮೈಮೇಲಿನ ಗುಳ್ಳೆ, ಕಣ್ಣಿನ ನೋವುಗಳಿಂದ ನರಳುವ ಮನುಷ್ಯ. ಕತ್ತಲಲ್ಲಿ ಕೂರುತ್ತಾನೆ, ಊಟ ಬಿಡುತ್ತಾನೆ. ಇಬ್ಬರು ಜ್ಯೋತಿಷಿಗಳು ಅವನಿಗೆ ಬರೆಯುವ ಮಾತು ನೋಡಿ: 'ಒಂದು ದಿನ ಸಾಲದೇ ದೊರೆ ಉಪವಾಸ ಕೂತದ್ದು? ಇವತ್ತಿಗೆ ಮೂರನೆಯ ದಿನ.' ಚಕ್ರವರ್ತಿಯನ್ನು ಹೀಗೆ ಗದರಿಸುವಷ್ಟು ಸಲಿಗೆ ಅವರಿಗಿತ್ತು, ಅಷ್ಟು ಕಾಳಜಿಯೂ ಇತ್ತು.

ಇನ್ನೊಂದು ಪತ್ರವಿದೆ. ಅದನ್ನು ಓದಿದ ದಿನದಿಂದ ಅಸ್ಸೀರಿಯಾ ನನಗೆ ಬೇರೆಯೇ ಆಯಿತು. ದೊರೆಯ ಒಂದು ಪುಟ್ಟ ಮಗು ತೀರಿಕೊಂಡಿದೆ. ಎಸರ್ಹದ್ದೋನ ತನ್ನ ಆಸ್ಥಾನದ ಮಂತ್ರವಾದಿ-ವೈದ್ಯ ಅದದ್-ಶುಮು-ಉಸುರನಿಗೆ ಬರೆದಿದ್ದಾನೆ, ನನಗೆ ಬಹಳ ದುಃಖವಾಗಿದೆ, ನನ್ನ ಈ ಚಿಕ್ಕದಕ್ಕಾಗಿ ನಾನು ಇಷ್ಟು ಕುಗ್ಗಿಹೋಗುವ ಹಾಗೆ ನಾವು ಮಾಡಿದ್ದಾದರೂ ಏನು, ಎಂದು. ಅದದ್-ಶುಮು-ಉಸುರ ಉತ್ತರಿಸುತ್ತಾನೆ: 'ವಾಸಿಯಾಗುವ ರೋಗವಾಗಿದ್ದರೆ ನೀನು ಅರ್ಧ ರಾಜ್ಯ ಕೊಟ್ಟಾದರೂ ಗುಣಪಡಿಸುತ್ತಿದ್ದೆ. ಏನು ಮಾಡುವುದು? ಆಗದ ಮಾತು.' ಸೆರೆಯಾಳುಗಳ ಚರ್ಮ ಸುಲಿದು ಗೋಡೆಗೆ ಹೊದಿಸಿದೆವೆಂದು ಹೆಮ್ಮೆಯಿಂದ ಕೆತ್ತಿಸಿಕೊಂಡ ದೊರೆಗಳ ಪೀಠದಲ್ಲಿ ಕೂತವನು ಈ ಅಪ್ಪ. ಒಂದನ್ನು ಹಿಡಿದು ಇನ್ನೊಂದನ್ನು ಮರೆಯುವುದು ನನ್ನಿಂದಾಗುವುದಿಲ್ಲ.

ಅವನ ಹೆಂಡತಿ ಎಶರ್ರ-ಹಮ್ಮತ್ ತೀರಿಕೊಂಡಳು. ಒಬ್ಬ ಮಗ ಸಿನ್-ನಾದಿನ್-ಅಪ್ಲಿ. ಇವನು ಉತ್ತರಾಧಿಕಾರಿಯ ಅರಮನೆಗೆ ಕಾಲಿಡಬಹುದೇ, ಅಂದರೆ ಯುವರಾಜನಾಗಬಹುದೇ ಎಂದು ಅವನ ಹೆಸರನ್ನು ಪಪೈರಸ್ಸಿನ ಮೇಲೆ ಬರೆದು ಶಮಶ ದೇವರ ಮುಂದಿಟ್ಟು, ಕುರಿಯ ಕರುಳು ಈಲಿ ನೋಡಿ ಪ್ರಶ್ನೆ ಕೇಳಿದ ದಾಖಲೆ ಸಿಕ್ಕಿದೆ. ಆಮೇಲೆ ಅವನ ಹೆಸರು ಕೇಳಿಬರುವುದಿಲ್ಲ. ಉಳಿದವರಲ್ಲಿ ಮುಂದೆ ನಿಂತವರು ಇಬ್ಬರು, ಶಮಶ್-ಶುಮ್-ಉಕಿನ್ ಮತ್ತು ಅವನಿಗಿಂತ ಕಿರಿಯ ಅಶ್ಶೂರ್ಬಾನಿಪಾಲ. ಅವರ ಜೊತೆ ಶಮಶ್-ಮೆತು-ಉಬಲ್ಲಿಟ್ ಇದ್ದ, ಮೈ ಹುಷಾರಿಲ್ಲದ ಬಗ್ಗೆ ವೈದ್ಯರ ಪತ್ರಗಳಲ್ಲಿ ಬರುವ ಅಶ್ಶೂರ್-ಮುಕಿನ್-ಪಲೆಯ ಇದ್ದ, ಎಲ್ಲರಿಗಿಂತ ಕಿರಿಯನೊಬ್ಬನಿದ್ದ. ಮತ್ತು ಒಬ್ಬ ಹಿರಿಯ ಮಗಳು, ಶೇರೂವ-ಏಟಿರತ್.

ಕ್ರಿ.ಪೂ. 672ರ ಅಯ್ಯಾರು ಮಾಸದಲ್ಲಿ ಎಸರ್ಹದ್ದೋನ ತನ್ನ ತೀರ್ಮಾನ ಪ್ರಕಟಿಸಿದ. ಅಸ್ಸೀರಿಯಾ ಕಿರಿಯ ಅಶ್ಶೂರ್ಬಾನಿಪಾಲನಿಗೆ. ಬ್ಯಾಬಿಲೋನ್ ಹಿರಿಯ ಶಮಶ್-ಶುಮ್-ಉಕಿನನಿಗೆ. ತನ್ನಪ್ಪ ಅಣ್ಣನನ್ನು ದಾಟಿ ತಮ್ಮನಿಗೆ ಪಟ್ಟ ಕೊಟ್ಟು ಪ್ರಾಣ ತೆತ್ತದ್ದನ್ನು ಬಲ್ಲವನು, ಆ ತಮ್ಮ ತಾನೇ ಆಗಿದ್ದವನು, ಅದನ್ನೇ ಮತ್ತೆ ಮಾಡಿದ. ಅದದ್-ಶುಮು-ಉಸುರ ಆಗಲೂ ಪತ್ರ ಬರೆದ. 'ಆಕಾಶದಲ್ಲೂ ನಡೆಯದ್ದನ್ನು ದೊರೆ ಭೂಮಿಯ ಮೇಲೆ ಮಾಡಿ ತೋರಿಸಿದ್ದಾನೆ. ಒಬ್ಬ ಮಗನಿಗೆ ಪಟ್ಟಿ ಕಟ್ಟಿ ಅಸ್ಸೀರಿಯಾ ಒಪ್ಪಿಸಿದ್ದೀಯೆ, ಹಿರಿಯ ಮಗನನ್ನು ಬ್ಯಾಬಿಲೋನಿಗೆ ದೊರೆ ಮಾಡಿದ್ದೀಯೆ, ಒಬ್ಬನನ್ನು ಬಲಕ್ಕೆ, ಒಬ್ಬನನ್ನು ಎಡಕ್ಕೆ ಇರಿಸಿಕೊಂಡಿದ್ದೀಯೆ.' ಪತ್ರ ಹೊಗಳಿಕೆಯ ಧಾಟಿಯಲ್ಲೇ ಸಾಗುತ್ತದೆ. ಆದರೆ ದೊರೆಯ ಮನೆಯ ಸಂಕಟವನ್ನು ಹತ್ತಿರದಿಂದ ಬಲ್ಲವನು 'ಆಕಾಶದಲ್ಲೂ ನಡೆಯದ್ದು' ಎಂದು ಬರೆಯುವಾಗ ಅವನ ಕೈ ಒಂದು ಕ್ಷಣ ತಡೆದಿರಬೇಕು ಎಂದೇ ನನ್ನ ಊಹೆ.

ಆ ಬಲ-ಎಡವನ್ನು ಕಲ್ಲಿನಲ್ಲಿ ನೋಡಬಹುದು. ಈಗಿನ ಟರ್ಕಿಯ ಜಿಂಜಿರ್ಲಿಯಲ್ಲಿ 1888ರಲ್ಲಿ ಸಿಕ್ಕ, ಈಗ ಬರ್ಲಿನ್ನಿನಲ್ಲಿರುವ ವಿಜಯಸ್ತಂಭ, ಮೂರು ಮೀಟರಿಗೂ ಎತ್ತರ. ಕ್ರಿ.ಪೂ. 671ರಲ್ಲಿ ಎಸರ್ಹದ್ದೋನ ಈಜಿಪ್ಟಿನ ಮೆಂಫಿಸ್ ಗೆದ್ದದ್ದರ ನೆನಪಿಗೆ ನಿಲ್ಲಿಸಿದ್ದು. ಮುಂಭಾಗದಲ್ಲಿ ಭಾರೀ ಗಾತ್ರದ ದೊರೆ. ಅವನ ಕೈಯಿಂದ ಇಳಿದ ಹಗ್ಗಗಳು ಇಬ್ಬರು ಸೆರೆಯಾಳುಗಳ ತುಟಿಗೆ ಚುಚ್ಚಿದ ಬಳೆಗಳಿಗೆ ಹೋಗುತ್ತವೆ. ಅವರಲ್ಲಿ ಮಂಡಿಯೂರಿದವನು ಸೋತು ಓಡಿದ ಫೇರೋ ತಹರ್ಕನ ಮಗನೆಂದು ವಿದ್ವಾಂಸರು ಹೇಳುತ್ತಾರೆ. ಫೋಟೋಗಳಲ್ಲಿ ಎಲ್ಲರೂ ಈ ಮುಂಭಾಗವನ್ನೇ ತೋರಿಸುವುದು. ಕಲ್ಲಿನ ಎರಡು ಪಕ್ಕಗಳಲ್ಲಿ ಎಸರ್ಹದ್ದೋನನ ಮಕ್ಕಳಿದ್ದಾರೆ. ಒಂದು ಪಕ್ಕ ಅಸ್ಸೀರಿಯಾದ ಉಡುಪಿನಲ್ಲಿ ಅಶ್ಶೂರ್ಬಾನಿಪಾಲ, ಇನ್ನೊಂದು ಪಕ್ಕ ಬ್ಯಾಬಿಲೋನಿನ ಉಡುಪಿನಲ್ಲಿ ಶಮಶ್-ಶುಮ್-ಉಕಿನ್. ಇಬ್ಬರೂ ಅಪ್ಪನ ಕಡೆಗೇ ಮುಖ ಮಾಡಿದ್ದಾರೆ. ನಡುವೆ ಅಪ್ಪನ ಕಲ್ಲು ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ.

ಬ್ಯಾಬಿಲೋನಿಗೆ ಪ್ರತ್ಯೇಕ ದೊರೆ ಏಕೆ ಬೇಕಾಯಿತು? ಅಪ್ಪ ಕೆಡವಿದ ಆ ಊರನ್ನು ಎಸರ್ಹದ್ದೋನ ಮತ್ತೆ ಕಟ್ಟಿಸಲು ಹೊರಟಿದ್ದ. ಆ ಊರು 70 ವರ್ಷ ಹಾಳು ಬೀಳಲಿ ಎಂದು ಬ್ಯಾಬಿಲೋನಿನ ಮುಖ್ಯ ದೇವರಾದ ಮರ್ದುಕನೇ ವಿಧಿಸಿದ್ದನಂತೆ. ಆಮೇಲೆ ಮನಸ್ಸು ಕರಗಿ ಆ ಅಂಕಿಯನ್ನು ತಿರುವಿಹಾಕಿದನಂತೆ. ಜೇಡಿಮಣ್ಣಿನ ಮೇಲೆ ಬೆಣೆಯಾಕಾರದ ಗುರುತು ಒತ್ತಿ ಬರೆಯುವ ಅವರ ಬೆಣೆಲಿಪಿಯಲ್ಲಿ 70ರ ಗುರುತುಗಳನ್ನು ಹಿಂದುಮುಂದು ಮಾಡಿದರೆ 11 ಆಗುತ್ತದೆ. ಹನ್ನೊಂದನೆಯ ವರ್ಷಕ್ಕೆ ಕೆಲಸ ಶುರು ಮಾಡಿಸಿದೆ ಎನ್ನುತ್ತದೆ ಶಾಸನ. ಅಪ್ಪನ ಹೆಸರನ್ನು ಎತ್ತದೆ ಅಪ್ಪನ ತಪ್ಪನ್ನು ತಿದ್ದುವ ಈ ಜಾಣತನ ನನಗೆ ಬಹಳ ಇಷ್ಟ. ಬ್ಯಾಬಿಲೋನಿಗೆ ಗೌರವ ಕೊಡಬೇಕು, ಅದಕ್ಕೊಬ್ಬ ರಾಜಪುತ್ರ ಬೇಕು, ಹಿರಿಯ ಮಗನಿಗೂ ಸಿಂಹಾಸನ ಸಿಗಬೇಕು. ಮೂರೂ ಒಂದೇ ಏಟಿಗೆ ಬಗೆಹರಿಯುತ್ತವೆ ಎಂದು ಅವನು ಲೆಕ್ಕ ಹಾಕಿದ.

ಆ ಲೆಕ್ಕ ತಪ್ಪದಿರಲಿ ಎಂದು ಇಡೀ ಸಾಮ್ರಾಜ್ಯದ ಕೈಯಲ್ಲಿ ಆಣೆ ಹಾಕಿಸಿದ. ಆ ಪ್ರಮಾಣಪತ್ರದ ಪ್ರತಿಗಳು 1955ರಲ್ಲಿ ಇರಾಕಿನ ನಿಮ್ರೂದಿನಲ್ಲಿ, ನಬು ದೇವರ ಗುಡಿಯ ಸಿಂಹಾಸನದ ಕೋಣೆಯಲ್ಲಿ ಮ್ಯಾಕ್ಸ್ ಮ್ಯಾಲೋವನ್ ತಂಡಕ್ಕೆ ಸಿಕ್ಕವು. ಇನ್ನೊಂದು ಪ್ರತಿ 2009ರಲ್ಲಿ ಟರ್ಕಿಯ ಟೆಲ್ ತಯಿನಾತಿನಲ್ಲಿ. ಒಂದೊಂದೂ ಸುಮಾರು ಅರ್ಧ ಮೀಟರ್ ಎತ್ತರದ ಮಣ್ಣಿನ ಹಲಗೆ, ಸುಮಾರು 670 ಸಾಲು ಬರಹ, ಮೇಲೆ ಅಸ್ಸೀರಿಯಾದ ಮುಖ್ಯ ದೇವರಾದ ಅಶ್ಶೂರನ ಮೂರು ಮುದ್ರೆ. ನಮ್ಮಲ್ಲಿ ಅಣ್ಣತಮ್ಮಂದಿರು ಮನೆ ಹಿಸ್ಸೆ ಮಾಡಿಕೊಳ್ಳುವಾಗ ಬಾವಿಯ ನೀರು, ಓಡಾಡುವ ದಾರಿ, ಹಿತ್ತಲ ಮಾವಿನ ಮರದ ಫಲ, ಎಲ್ಲಕ್ಕೂ ಒಂದೊಂದು ಕಲಮು ಸೇರಿಸಿ ಪಾಲುಪಟ್ಟಿ ಬರೆಸುತ್ತಾರಲ್ಲ, ಹಾಗೆ ಇಲ್ಲಿ ಬರಬಹುದಾದ ಪ್ರತಿಯೊಂದು ದ್ರೋಹಕ್ಕೂ ಒಂದು ಕಲಮು. ಅಶ್ಶೂರ್ಬಾನಿಪಾಲನನ್ನು ನಿಮ್ಮ ಜೀವದಂತೆಯೇ ಪ್ರೀತಿಸಬೇಕು. ಅವನ ಬಗ್ಗೆ ಕೆಟ್ಟ ಮಾತು ಕೇಳಿದರೆ, ಅದನ್ನು ಆಡಿದವನು ಅವನ ಸೋದರನಾಗಲಿ, ನಿಮ್ಮ ಮಗನಾಗಲಿ, ಮೈಮೇಲೆ ದೇವರು ಬಂದವನಾಗಲಿ, ಬಂದು ಹೇಳಬೇಕು. ಅವನಿಗೂ ಅವನ ಒಡಹುಟ್ಟಿದವರಿಗೂ ನಡುವೆ ಹುಳಿ ಹಿಂಡಬಾರದು. ಶಮಶ್-ಶುಮ್-ಉಕಿನನನ್ನು ಬ್ಯಾಬಿಲೋನಿನ ಸಿಂಹಾಸನದಲ್ಲಿ ಕೂರಿಸಬೇಕು, ಅಪ್ಪ ಅವನಿಗೆ ಕೊಟ್ಟದ್ದನ್ನೆಲ್ಲ ಅವನ ಜೊತೆ ಕಳಿಸಬೇಕು.

ಆಮೇಲೆ ಶಾಪಗಳು. ಮುಗಿಯುವುದೇ ಇಲ್ಲ. ಜೇನುಹುಟ್ಟಿನಲ್ಲಿ ತೂತುಗಳಿರುವಂತೆ ನಿಮ್ಮ ಮೈಯಲ್ಲಿ, ನಿಮ್ಮ ಹೆಂಡತಿ ಮಕ್ಕಳ ಮೈಯಲ್ಲಿ ತೂತು ಬೀಳಲಿ. ಕಂಚಿನ ಆಕಾಶದಿಂದ ಮಳೆ ಬೀಳದಿರುವಂತೆ ನಿಮ್ಮ ಹೊಲದ ಮೇಲೆ ಮಳೆ ಬೀಳದಿರಲಿ. (ಬೈಬಲಿನ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲೂ ತಲೆಯ ಮೇಲಿನ ಆಕಾಶ ತಾಮ್ರದಂತಾಗುವ ಶಾಪ ಬರುತ್ತದೆ. ಎರಡರ ನಂಟಿನ ಬಗ್ಗೆ ವಿದ್ವಾಂಸರು ತುಂಬ ಬರೆದಿದ್ದಾರೆ.) ಈ ಕುರಿಯ ಹೊಟ್ಟೆ ಸೀಳಿ ಅದರ ಮರಿಯ ಮಾಂಸವನ್ನು ಅದರ ಬಾಯಿಗೇ ತುರುಕಿದಂತೆ, ನೀವು ನಿಮ್ಮ ಮಕ್ಕಳ ಮಾಂಸ ತಿನ್ನುವಂತಾಗಲಿ. ಈ ಕೊನೆಯ ಶಾಪವನ್ನು ನೆನಪಿಟ್ಟುಕೊಳ್ಳಿ.

ಇದೇ ಕಾಲದಲ್ಲಿ ಅರಮನೆಯೊಳಗೆ ಬರೆದ ಒಂದು ಚಿಕ್ಕ ಪತ್ರ ನನ್ನ ಪಾಲಿಗೆ ಆ 670 ಸಾಲುಗಳಿಗಿಂತ ಹೆಚ್ಚು ಮಾತಾಡುತ್ತದೆ. ದೊರೆಯ ಮಗಳು ಶೇರೂವ-ಏಟಿರತ್ ತನ್ನ ತಮ್ಮ ಅಶ್ಶೂರ್ಬಾನಿಪಾಲನ ಹೆಂಡತಿ ಲಿಬ್ಬಾಲಿ-ಶರ್ರತ್‌ಳಿಗೆ ಬರೆದದ್ದು. ಶುರುವಿನಲ್ಲಿ ಕುಶಲವಿಲ್ಲ, ಆಶೀರ್ವಾದವಿಲ್ಲ. 'ರಾಜಕುಮಾರಿಯ ಮಾತು. ನೀನು ನಿನ್ನ ಹಲಗೆ ಏಕೆ ಬರೆಯುವುದಿಲ್ಲ, ಪಾಠ ಏಕೆ ಒಪ್ಪಿಸುವುದಿಲ್ಲ? ಇವಳೇನಾ ಶೇರೂವ-ಏಟಿರತ್‌ಳ ನಾದಿನಿ ಎಂದು ಜನ ಆಡಿಕೊಳ್ಳುತ್ತಾರೆ.' ಮುಂದೆ ಅವಳು ತನ್ನನ್ನು ಬಣ್ಣಿಸಿಕೊಳ್ಳುತ್ತಾಳೆ: ಮಹಾರಾಜನ, ಬಲಶಾಲಿ ದೊರೆಯ, ಜಗದೊಡೆಯನ, ಅಸ್ಸೀರಿಯಾದ ಒಡೆಯನ ಹಿರಿಯ ಮಗಳು. ಮತ್ತು ನೀನು? ಸೊಸೆ. ಯುವರಾಜ ಅಶ್ಶೂರ್ಬಾನಿಪಾಲನ ಮನೆಯೊಡತಿ.

ಇದನ್ನು ಅತ್ತಿಗೆ-ನಾದಿನಿಯರ ಜಗಳವೆಂದು ತೇಲಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಎರಡು ಸಂಗತಿಗಳಿವೆ. ಒಂದು, ಈ ಮನೆಯ ಹೆಣ್ಣುಮಕ್ಕಳು ಓದು-ಬರಹ ಕಲಿತವರು, ಕಲಿಯದಿದ್ದರೆ ಮನೆತನಕ್ಕೆ ಅವಮಾನ ಎಂದು ನಂಬಿದವರು. ಮುಂದೆ 30,000ಕ್ಕೂ ಹೆಚ್ಚು ಹಲಗೆ-ಚೂರುಗಳ ಗ್ರಂಥಾಲಯ ಬಿಟ್ಟುಹೋಗುವ, 'ಪ್ರಳಯಕ್ಕಿಂತ ಹಿಂದಿನ ಶಾಸನಗಳನ್ನೂ ಓದಬಲ್ಲೆ' ಎಂದು ಹೇಳಿಕೊಳ್ಳುವ ಅಶ್ಶೂರ್ಬಾನಿಪಾಲ ಬೆಳೆದದ್ದು ಇಂಥ ಮನೆಯಲ್ಲಿ. ಇನ್ನೊಂದು, ಪಟ್ಟ ಯಾರಿಗೆ ಎಂದು ತೀರ್ಮಾನವಾದ ಕೂಡಲೇ ಮನೆಯೊಳಗಿನ ಪ್ರತಿಯೊಬ್ಬರ ಸ್ಥಾನವೂ ಅಲುಗಾಡಿತು. ಮೊನ್ನೆಯವರೆಗೆ ತಮ್ಮನ ಹೆಂಡತಿಯಾಗಿದ್ದವಳು ನಾಳೆ ಮಹಾರಾಣಿ. ಅದಕ್ಕೆ ಮೊದಲೇ ಶೇರೂವ-ಏಟಿರತ್ ತನ್ನ ಜಾಗವನ್ನು ಗಟ್ಟಿಮಾಡಿಕೊಳ್ಳುತ್ತಿದ್ದಾಳೆ. ಹಿರಿಯ ಅಣ್ಣನ ಬಾಯಿಂದ ಬರದ ಮಾತು ಸೋದರಿಯ ಕೈಯಿಂದ ಬರೆದು ಬಂದಂತಿದೆ.

ಎಸರ್ಹದ್ದೋನನ ಕೊನೆಯ ವರ್ಷಗಳಲ್ಲಿ ಸಂಚಿನ ಭಯ ನಿಜವಾಯಿತು. ಸನ್ಹೇರೀಬನ ಹೆಸರನ್ನೂ ಸಂತಾನವನ್ನೂ ಅಳಿಸುತ್ತೇನೆ, ರಾಜ್ಯ ಸಾಸಿ ಎಂಬುವವನಿಗೆ, ಎಂದು ಹರ್ರಾನಿನ ಬಳಿ ದಾಸಿಯೊಬ್ಬಳ ಬಾಯಲ್ಲಿ ದೇವರು ನುಡಿದನಂತೆ. ಕ್ರಿ.ಪೂ. 670ರಲ್ಲಿ ದೊರೆ ತನ್ನ ಅನೇಕ ಅಧಿಕಾರಿಗಳನ್ನು ಕತ್ತಿಗೆ ಕೊಟ್ಟ ಎಂದು ಬ್ಯಾಬಿಲೋನಿನ ಕಾಲಾನುಕ್ರಮಣಿಕೆ ಒಂದೇ ಸಾಲಿನಲ್ಲಿ ಹೇಳುತ್ತದೆ. ಮರುವರ್ಷ ಈಜಿಪ್ಟಿಗೆ ಹೊರಟ ದಾರಿಯಲ್ಲಿ ಅವನು ಕಾಯಿಲೆ ಬಿದ್ದು ಸತ್ತ.

ನಕಿಯಾ ಆಗಲೂ ಇದ್ದಳು. ಗಂಡನ ಕೊಲೆ ಕಂಡವಳು, ಈಗ ಮಗನನ್ನೂ ಕಳೆದುಕೊಂಡವಳು. ಅವಳು ತಡಮಾಡಲಿಲ್ಲ. ಮೊಮ್ಮಗನ ಪರವಾಗಿ ತನ್ನ ಹೆಸರಿನಲ್ಲೇ ಹೊಸ ಪ್ರಮಾಣ ಮಾಡಿಸಿದಳು. ಪ್ರಮಾಣ ಮಾಡಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ಶಮಶ್-ಶುಮ್-ಉಕಿನನದು. ಎಲ್ಲಿ ಬಿರುಕಿದೆಯೆಂದು ಅಜ್ಜಿಗೆ ಗೊತ್ತಿತ್ತು, ಮೊದಲ ಕೈ ಅಲ್ಲಿಗೇ ಇಟ್ಟಳು. ಅವಳ ಕೆಲಸ ಫಲಿಸಿತು. ಎಸರ್ಹದ್ದೋನ ಬರೆದಿಟ್ಟಂತೆಯೇ ಇಬ್ಬರೂ ಸಿಂಹಾಸನ ಏರಿದರು. ಕ್ರಿ.ಪೂ. 668ರಲ್ಲಿ ಅಣ್ಣ ಬ್ಯಾಬಿಲೋನಿಗೆ ಹೋದಾಗ, ಅಸ್ಸೀರಿಯಾದಲ್ಲಿದ್ದ ಮರ್ದುಕ ದೇವರ ಮೂರ್ತಿಯೂ ತನ್ನ ಊರಿಗೆ ಮರಳಿತು. ಕೊಲೆಯಾಗಲಿಲ್ಲ, ಸೈನ್ಯ ಎದುರುಬದುರಾಗಲಿಲ್ಲ. ಹದಿನಾರು ವರ್ಷ ಇಬ್ಬರೂ ಆಳಿದರು. ಇತಿಹಾಸ ಹೇಳುವವರು ಈ ಹದಿನಾರು ವರ್ಷಗಳನ್ನು ಅವಸರದಲ್ಲಿ ದಾಟಿ ಯುದ್ಧಕ್ಕೆ ಬಂದುಬಿಡುತ್ತಾರೆ. ಹಾಗೆ ದಾಟಬಾರದು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬೊರ್ಸಿಪ್ಪದ ಗುಡಿಯಿಂದ ಬಂದ ಎರಡು ಕಲ್ಲುಗಳಿವೆ. ಒಂದರಲ್ಲಿ ಅಶ್ಶೂರ್ಬಾನಿಪಾಲ, ಇನ್ನೊಂದರಲ್ಲಿ ಶಮಶ್-ಶುಮ್-ಉಕಿನ್. ಇಬ್ಬರ ತಲೆಯ ಮೇಲೂ ಮಣ್ಣಿನ ಬುಟ್ಟಿ, ಎರಡು ಕೈಯಿಂದ ಎತ್ತಿ ಹಿಡಿದಿದ್ದಾರೆ. ಗುಡಿ ಕಟ್ಟಿಸುವ ದೊರೆ ಮೊದಲ ಇಟ್ಟಿಗೆಗೆ ತಾನೇ ಮಣ್ಣು ಹೊರುವ ಹಳೆಯ ಸಂಪ್ರದಾಯ ಅದು. ಅಶ್ಶೂರ್ಬಾನಿಪಾಲನ ಆ ಕಾಲದ ಶಾಸನಗಳಲ್ಲಿ, 'ಬ್ಯಾಬಿಲೋನಿನ ದೊರೆ, ನನ್ನ ಸೋದರ ಶಮಶ್-ಶುಮ್-ಉಕಿನನ ಆಯುಷ್ಯ ಹೆಚ್ಚಲಿ, ಅವನು ಸುಖವಾಗಿರಲಿ' ಎಂಬ ಹಾರೈಕೆ ಮತ್ತೆ ಮತ್ತೆ ಬರುತ್ತದೆ. ಇದು ಬರೀ ಬಾಯಿಮಾತು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಅದೇ ಕಲ್ಲುಗಳನ್ನು ಇನ್ನೊಂದು ಸಲ ನೋಡಿದರೆ ತೊಡಕೂ ಕಾಣುತ್ತದೆ. ಬೊರ್ಸಿಪ್ಪ ಬ್ಯಾಬಿಲೋನ್ ಸೀಮೆಯ ಊರು, ಅಣ್ಣನ ರಾಜ್ಯ. ಅಲ್ಲಿ ಗುಡಿ ಕಟ್ಟಿಸಲು ತಮ್ಮ ಏಕೆ ಬುಟ್ಟಿ ಹೊರಬೇಕು? ಬ್ಯಾಬಿಲೋನಿನ ಮರ್ದುಕನ ಗುಡಿಯಲ್ಲೂ ತನ್ನ ಹೆಸರು ಹಾಕಿಸಿದವನು ಅಶ್ಶೂರ್ಬಾನಿಪಾಲನೇ. ಶಮಶ್-ಶುಮ್-ಉಕಿನನನ್ನು ದೊರೆ ಮಾಡಿದವನು ನಾನು ಎಂದು ಅಪ್ಪನ ತೀರ್ಮಾನವನ್ನು ತನ್ನದಾಗಿ ಹೇಳಿಕೊಂಡವನೂ ಅವನೇ. ದಕ್ಷಿಣದ ಊರ್ ಮತ್ತು ಉರುಕ್ ನಗರಗಳ ಅಧಿಕಾರಿಗಳು ಪತ್ರ ಬರೆಯುತ್ತಿದ್ದದ್ದು ನೇರ ನಿನೆವೆಗೆ.

ಅಣ್ಣನನ್ನು ದಾಟಿ ತಮ್ಮನಿಗೆ ಕೊಟ್ಟದ್ದೇ ಎಸರ್ಹದ್ದೋನನ ತಪ್ಪು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅಣ್ಣ ಆ ನಷ್ಟವನ್ನು ಹದಿನಾರು ವರ್ಷ ನುಂಗಿಕೊಂಡ. ನುಂಗಲಾಗದೇ ಹೋದದ್ದು, ಕೊಟ್ಟ ಸಿಂಹಾಸನದಲ್ಲಿ ಅಧಿಕಾರವಿರಲಿಲ್ಲ ಎಂಬುದು. ಆ 670 ಸಾಲುಗಳಲ್ಲಿ ಅಶ್ಶೂರ್ಬಾನಿಪಾಲನನ್ನು ಕಾಪಾಡುವ ಕಲಮುಗಳು ಹತ್ತಾರು. ಶಮಶ್-ಶುಮ್-ಉಕಿನನಿಗೆ ಇದ್ದದ್ದು ಕೂರಿಸಿ ಕಳಿಸುವ ಮಾತು. ಕೂತ ಮೇಲೆ ತಮ್ಮ ಎಷ್ಟರ ಮಟ್ಟಿಗೆ ಕೈಹಾಕಬಹುದು ಎಂಬುದಕ್ಕೆ ಗೆರೆಯೇ ಎಳೆದಿರಲಿಲ್ಲ. ಅಣ್ಣನಿಂದ ಓಡಿ ಬದುಕಿದ ಎಸರ್ಹದ್ದೋನ, ತಮ್ಮನನ್ನು ಅಣ್ಣನಿಂದ ಕಾಪಾಡುವ ದಾರಿಗಳನ್ನೆಲ್ಲ ಯೋಚಿಸಿದ. ಅಣ್ಣನನ್ನು ತಮ್ಮನಿಂದ ಕಾಪಾಡಬೇಕಾಗಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ.

ಕ್ರಿ.ಪೂ. 652ರಲ್ಲಿ ಬ್ಯಾಬಿಲೋನ್ ದಂಗೆ ಎದ್ದಿತು. ಅಶ್ಶೂರ್ಬಾನಿಪಾಲ ಅಲ್ಲಿನ ನಾಗರಿಕರಿಗೆ ನೇರವಾಗಿ ಪತ್ರ ಬರೆದ. ಸೋದರನಲ್ಲದ ಈ ಸೋದರ ನಿಮಗೆ ಹೇಳಿದ ಗಾಳಿಮಾತುಗಳನ್ನೆಲ್ಲ ಕೇಳಿದ್ದೇನೆ, ನಂಬಬೇಡಿ, ಎಂದು. ಅಲ್ಲಿಂದ ಮುಂದೆ ಅವನ ಬರಹಗಳಲ್ಲಿ ಅಣ್ಣನ ಹೆಸರಿನ ಮುಂದೆ ಒಳ್ಳೆಯ ಮಾತಿಲ್ಲ. 650ರಲ್ಲಿ ನಗರಕ್ಕೆ ಮುತ್ತಿಗೆ. ಎರಡು ವರ್ಷ. ಹಸಿವಿಗೆ ಜನ ತಮ್ಮ ಮಕ್ಕಳ ಮಾಂಸ ತಿಂದರು ಎಂದು ಅಶ್ಶೂರ್ಬಾನಿಪಾಲ ಬರೆಸುತ್ತಾನೆ. ಅಪ್ಪ ಬರೆಸಿಟ್ಟ ಶಾಪವನ್ನೇ ಮಗ ಯುದ್ಧದ ವರದಿಯಾಗಿ ಬರೆಸಿದ್ದಾನೆ. 648ರಲ್ಲಿ ನಗರ ಬಿತ್ತು. ದೇವರುಗಳು ನನ್ನ ವೈರಿ ಸೋದರನನ್ನು ಉರಿವ ಬೆಂಕಿಗೆ ಎಸೆದರು ಎಂದಷ್ಟೇ ಅವನು ಹೇಳುವುದು. ನಿನೆವೆಯ ಅರಮನೆಯ ಗೋಡೆಶಿಲ್ಪದಲ್ಲಿ ಸೋತ ಬ್ಯಾಬಿಲೋನಿನ ಕಿರೀಟ, ದಂಡ, ಮುದ್ರೆಗಳನ್ನು ಅವನ ರಥದ ಮುಂದೆ ಹಿಡಿದುಕೊಂಡು ಬರುವವರಿದ್ದಾರೆ. ಅವನ್ನು ತೊಟ್ಟವನು ಆ ಶಿಲ್ಪದಲ್ಲಿ ಇಲ್ಲ.

ಇನ್ನೊಂದು ಮಾತು ಅದೇ ವರದಿಯಲ್ಲಿದೆ. ಉಳಿದ ಸೆರೆಯಾಳುಗಳನ್ನು, ತನ್ನ ಅಜ್ಜ ಸನ್ಹೇರೀಬನನ್ನು ಯಾವ ಕಾವಲು ವಿಗ್ರಹಗಳ ಬಳಿ ಜಜ್ಜಿ ಕೊಂದಿದ್ದರೋ ಅವುಗಳ ಬಳಿಯೇ ಜಜ್ಜಿ, ಅಜ್ಜನಿಗೆ ಎಡೆಯಾಗಿ ಒಪ್ಪಿಸಿದೆ ಎನ್ನುತ್ತಾನೆ. 681ರಿಂದ 648. ಮೂವತ್ತಮೂರು ವರ್ಷದ ಹಿಂದಿನ ಕೊಲೆಗೆ, ಅದರಲ್ಲಿ ಕೈಯಿಲ್ಲದವರ ರಕ್ತ. ಎಸರ್ಹದ್ದೋನ ತನ್ನ ಶಾಸನದಲ್ಲಿ ಬಿಡಿಸಿ ಹೇಳದಿದ್ದ ಆ ಸಾವಿನ ವಿವರ ಹೊರಬಿದ್ದದ್ದು ಮೊಮ್ಮಗನ ಬಾಯಿಂದ, ಅದೂ ಸೋದರರ ನಡುವಿನ ಇನ್ನೊಂದು ಯುದ್ಧ ಮುಗಿದ ದಿನ.

ಉಳಿದ ತಮ್ಮಂದಿರಲ್ಲಿ ಇಬ್ಬರನ್ನು ಅಶ್ಶೂರ್ಬಾನಿಪಾಲ ಪೂಜಾರಿಗಳನ್ನಾಗಿ ಮಾಡಿದ, ಒಬ್ಬನನ್ನು ಅಶ್ಶೂರ ದೇವರಿಗೆ, ಒಬ್ಬನನ್ನು ಹರ್ರಾನಿನ ಚಂದ್ರದೇವರಿಗೆ. ಅದನ್ನು ಬರೆಸಿದ ಹಲಗೆಯಲ್ಲೇ ಅವನ ಅಳಲೂ ಇದೆ. ದೇವರಿಗೆ, ಮನುಷ್ಯರಿಗೆ, ಸತ್ತವರಿಗೆ, ಬದುಕಿರುವವರಿಗೆ ಒಳ್ಳೆಯದನ್ನೇ ಮಾಡಿದೆ, ಆದರೂ ನನಗೇಕೆ ರೋಗ, ದುಃಖ? ನಾಡಿನಲ್ಲಿ ಕಲಹ, ಮನೆಯಲ್ಲಿ ಜಗಳ, ನನ್ನ ಪಕ್ಕ ಬಿಟ್ಟು ಹೋಗುವುದಿಲ್ಲ, ಎನ್ನುತ್ತಾನೆ.

ಅವನ ನಂತರದ್ದು ಬೇಗ ಹೇಳಬಹುದು. ಮಗ ಅಶ್ಶೂರ್-ಎತೆಲ್-ಇಲಾನಿ ಕೆಲವು ವರ್ಷ ಆಳಿದ. ಅವನ ಬಳಿಕ ಇನ್ನೊಬ್ಬ ಮಗ ಸಿನ್-ಶರ್-ಇಷ್ಕುನ್. ಬ್ಯಾಬಿಲೋನ್ 626ರಲ್ಲಿ ನಬೊಪೊಲಸ್ಸರನ ಕೈಗೆ ಹೋಯಿತು. ಈಗಿನ ಇರಾನಿನ ಕಡೆಯ ಮೇದ್ಯರು 614ರಲ್ಲಿ ಅಶ್ಶೂರ್ ನಗರವನ್ನು ಹಿಡಿದರು. 612ರಲ್ಲಿ ಮೇದ್ಯರೂ ಬ್ಯಾಬಿಲೋನಿನವರೂ ಸೇರಿ ಮೂರು ತಿಂಗಳ ಮುತ್ತಿಗೆಯ ನಂತರ ನಿನೆವೆಯನ್ನು ಹಿಡಿದರು. ಅರಮನೆಯ ತೋಟದಲ್ಲಿ ಅಶ್ಶೂರ್ಬಾನಿಪಾಲನೂ ಲಿಬ್ಬಾಲಿ-ಶರ್ರತ್‌ಳೂ ದ್ರಾಕ್ಷಿ ಬಳ್ಳಿಯ ಕೆಳಗೆ ಕೂತಿರುವ ಶಿಲ್ಪದಲ್ಲಿ ಇಬ್ಬರ ಮುಖವನ್ನೂ ಒಡೆದಿದ್ದಾರೆ. ಹಲಗೆ ಬರೆಯದ್ದಕ್ಕೆ ಬೈಸಿಕೊಂಡ ಹುಡುಗಿಯ ಮುಖ ಅದು. ನಿಮ್ರೂದಿನ ಪ್ರಮಾಣಪತ್ರಗಳೂ ನೂರಾರು ಚೂರುಗಳಾಗಿ ಸಿಕ್ಕವು. ಅಶ್ಶೂರ್ಬಾನಿಪಾಲನನ್ನು ಜೀವದಂತೆ ಪ್ರೀತಿಸುತ್ತೇವೆ ಎಂದು ಆ ಪ್ರತಿಗಳಲ್ಲಿ ಆಣೆ ಹಾಕಿದ್ದವರಲ್ಲಿ ಮೇದ್ಯ ಸೀಮೆಯ ಊರೊಡೆಯರೂ ಇದ್ದರು. ಹರ್ರಾನಿಗೆ ಹಿಂದೆಗೆದ ಕೊನೆಯ ದೊರೆ ಅಶ್ಶೂರ್-ಉಬಲ್ಲಿಟನಿಗೆ ಪಟ್ಟಾಭಿಷೇಕ ಆಗಬೇಕಿದ್ದ ಅಶ್ಶೂರ ದೇವರ ಗುಡಿಯೇ ಉಳಿದಿರಲಿಲ್ಲ. ಅವನ ಕಾಲದ ದಾಖಲೆಗಳು ಅವನನ್ನು ಯುವರಾಜನೆಂದೇ ಕರೆಯುತ್ತವೆ ಎಂದು ವಿದ್ವಾಂಸರು ತೋರಿಸಿದ್ದಾರೆ. 609ರ ಹೊತ್ತಿಗೆ ಅದೂ ಮುಗಿಯಿತು.

ಈ ಮನೆಯವರ ಕತೆ ಮತ್ತೆ ಕೇಳಿಬಂದದ್ದು ಈಜಿಪ್ಟಿನಲ್ಲಿ, ಕೆಲವು ಶತಮಾನಗಳ ನಂತರ. ಅರಾಮಿಕ್ ಭಾಷೆಯನ್ನು ಈಜಿಪ್ಟಿನ ಡೆಮೊಟಿಕ್ ಲಿಪಿಯಲ್ಲಿ ಬರೆದ ಒಂದು ಉದ್ದನೆಯ ಪಪೈರಸ್ ಸುರುಳಿಯ ಕೊನೆಯಲ್ಲಿ ಸರ್ಬನಬಲ್, ಸರ್ಮುಗೆ ಎಂಬ ಸೋದರರ ಕತೆಯಿದೆ. ಹೆಸರುಗಳು ಸವೆದಿದ್ದರೂ ಯಾರೆಂದು ತಿಳಿಯುತ್ತದೆ. ಗ್ರಂಥಾಲಯ, ಸಿಂಹದ ಬೇಟೆ, ಈಜಿಪ್ಟಿನ ಯುದ್ಧ, ಇವು ಯಾವುವೂ ಅಲ್ಲಿಲ್ಲ. ಸೋದರರ ಜಗಳ ಬಿಡಿಸಲು ನಿನೆವೆಯಿಂದ ಬ್ಯಾಬಿಲೋನಿಗೆ ಹೊರಡುವ ಅವರ ಸೋದರಿ ಸರಿತ್ರ ಇದ್ದಾಳೆ. ನಮ್ಮ ಶೇರೂವ-ಏಟಿರತ್. ಪ್ರಮಾಣಪತ್ರದ ಪಟ್ಟಿಗಳಲ್ಲಿ ಗಂಡುಮಕ್ಕಳ ಹೆಸರುಗಳೇ ಮುಂದಿದ್ದವು. ಮಾತಾಡಲು ಯಾರಾದರೂ ಹೋಗಬೇಕಾಗಿ ಬಂದಾಗ ಹೋಗುವವಳು ಅವಳು ಎಂದು ಕತೆ ಕಟ್ಟಿದವರಿಗೆ ಅನಿಸಿದೆ, ಮತ್ತು ಆ ಪತ್ರದ ದರ್ಪವನ್ನು ಓದಿದ ನನಗೂ ಹಾಗೇ ಅನಿಸುತ್ತದೆ. ಸರ್ಮುಗೆ ಅವಳ ಮಾತು ಕೇಳುವುದಿಲ್ಲ. ಆಗ ಅವಳು ಬೇಡಿಕೊಳ್ಳುವುದನ್ನು ನಿಲ್ಲಿಸುತ್ತಾಳೆ. ನಿನಗೊಂದು ಚಪ್ಪರ ಕಟ್ಟಿಸಿಕೋ, ಅದಕ್ಕೆ ರಾಳ ಬಳಿಸು, ನಿನ್ನ ಮಕ್ಕಳನ್ನೂ ನಿನಗೆ ಈ ಸೊಕ್ಕು ತುಂಬಿದವರನ್ನೂ ಒಳಗೆ ಕರೆದುಕೋ, ಬೆಂಕಿ ಹಚ್ಚಿಕೋ, ಎಂದು ಹೇಳುತ್ತಾಳೆ.